ದಾನದ ಹಸುವಿನ ಹಲ್ಲನ್ನೂ ಎಣಿಸಿ

ಓದುಗರ ಪ್ರಶ್ನೆಗಳಿಗೆ ಉತ್ತರ

(ಹಳ್ಳಿಗಳ ಹಾಲಿನ ಡೇರಿಗಳಿಗೆ ಯಂತ್ರ ಮತ್ತು ತಂತ್ರಾಂಶ ಮಾಡಿಕೊಡುವ ಸಣ್ಣ ಕಂಪನಿಯೊಂದನ್ನು ಮೈಸೂರಿನಲ್ಲಿ 21 ವರ್ಷ ನಡೆಸಿ, 2012ರಲ್ಲಿ ಅದನ್ನು ಮಾರಿ, ಬಂದ ಹಣದ ದೊಡ್ಡ ಪಾಲನ್ನು ಮಂಡ್ಯ ಜಿಲ್ಲೆಯ ಊರುಗಳಿಗೆ ಖರ್ಚು ಮಾಡುತ್ತಿರುವ ನಮ್ಮ ಅಂಕಣಕಾರರು ಈ ತಿಂಗಳ ಪತ್ರಗಳಿಗೆ ಉತ್ತರಿಸಿದ್ದಾರೆ.)

ಚೆನ್ನಾಗಿ ನಡೆಯುತ್ತಿದ್ದ ಕಂಪನಿಯನ್ನು ಮಾರಿ ದಾನಧರ್ಮಕ್ಕೆ ಇಳಿದಿರಿ. ವೈರಾಗ್ಯ ಬಂದಿತ್ತೇ? ಈಗ ನೋಡಿದರೆ ಯಾವುದು ಕಷ್ಟ, ದುಡಿಯುವುದೋ ಕೊಡುವುದೋ?
— ಯುವ ಎಂಜಿನಿಯರ್, ಮಂಡ್ಯ

ವೈರಾಗ್ಯ ನನಗೆ ದೊಡ್ಡ ಮಾತಾಯಿತು ತಮ್ಮಾ. ಮಂಡಿ ನೋವು ಶುರುವಾದದ್ದೂ ಕಂಪನಿಗೆ ಒಳ್ಳೆಯ ಬೆಲೆ ಹೇಳುವವರು ಬಂದದ್ದೂ ಒಂದೇ ವರ್ಷ. ಅಷ್ಟೇ ವೈರಾಗ್ಯ. ಎರಡನೆಯ ಪ್ರಶ್ನೆ ಒಳ್ಳೆಯದು. ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನನ್ನ ತಂದೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾಗಿದ್ದರು. ಹಾಲಿಗೆ ಬೆಲೆ ಕಟ್ಟುವುದು ಅದರ ಜಿಡ್ಡು ನೋಡಿ. ಆ ಕಾಲದಲ್ಲಿ ಜಿಡ್ಡು ಅಳೆಯುವುದು ಗಾಜಿನ ಕೊಳವೆಯಲ್ಲಿ. ಮೊದಲು 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ ಹಾಲು, ಆಮೇಲೆ ಒಂದಿಷ್ಟು ಅಮೈಲ್ ಆಲ್ಕೋಹಾಲ್. ರಬ್ಬರ್ ಬಿರಡೆ ಹಾಕಿ ಅಲುಗಾಡಿಸಿದರೆ ಕೊಳವೆ ಕೈ ಸುಡುವಷ್ಟು ಬಿಸಿಯಾಗುತ್ತಿತ್ತು. ಬಟ್ಟೆ ಸುತ್ತಿ ಹಿಡಿದು, ಯಂತ್ರಕ್ಕಿಟ್ಟು, ಗರಗರ ತಿರುಗಿಸಿ, ಮೇಲೆ ತೇಲಿ ನಿಂತ ಹಳದಿ ಜಿಡ್ಡಿನ ಗೆರೆಯನ್ನು ಬೆಳಕಿಗೆ ಹಿಡಿದು ಓದಬೇಕು. ನನ್ನ ತಂದೆಯ ಒಂದು ಅಂಗಿಯೂ ತೂತಿಲ್ಲದೆ ಉಳಿಯಲಿಲ್ಲ. ಆಮ್ಲದ ಹನಿ ಬಿದ್ದ ಜಾಗ ಮೊದಲು ಕಂದಾಗಿ, ಎರಡು ಸಲ ಒಗೆದ ಮೇಲೆ ಉದುರಿ ಹೋಗುತ್ತಿತ್ತು. ಇಷ್ಟಾದರೂ ಊರಿನವರಿಗೆ ಅನುಮಾನ. “ನಮ್ಮ ಎಮ್ಮೆ ಹಾಲಿಗೆ ಇಷ್ಟೇ ಜಿಡ್ಡೇ? ಗೆರೆ ಓದಿದವರು ಯಾರು?” ಎಂದು ಸಂಘದ ಜಗಲಿಯಲ್ಲೇ ಜಗಳ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಹತ್ತು ವರ್ಷ ಯಾರದೋ ಕಾರ್ಖಾನೆಯಲ್ಲಿ ದುಡಿದು, 1991ರಲ್ಲಿ ಹೆಬ್ಬಾಳು ಕೈಗಾರಿಕಾ ಪ್ರದೇಶದ ಬಾಡಿಗೆ ಶೆಡ್ಡಿನಲ್ಲಿ ನಾನು ಮಾಡಹೊರಟದ್ದು ಆ ಜಗಳ ನಿಲ್ಲಿಸುವ ಡಬ್ಬವನ್ನು. ಹಾಲು ಸುರಿದರೆ ತೂಕ, ಜಿಡ್ಡು, ಬೆಲೆ ಮೂರನ್ನೂ ಅಚ್ಚು ಹಾಕಿದ ಚೀಟಿ ರೈತನ ಕೈಗೆ ಬರಬೇಕು. ಬಂದಿತು. ಅದರ ಜೊತೆಗೆ ಬೆಳಿಗ್ಗೆ ಆರೂಕಾಲಿನ ಫೋನೂ ಬಂದಿತು. “ಸ್ವಾಮಿ, ನಿಮ್ಮ ಡಬ್ಬ ಕೆಟ್ಟು ಕೂತಿದೆ. ಕ್ಯಾನ್ ತುಂಬುವ ಲಾರಿ ಬಂದು ನಿಂತಿದೆ. ಎಪ್ಪತ್ತು ಜನ ಪಾತ್ರೆ ಹಿಡಿದು ನಿಂತಿದ್ದಾರೆ. ಎಂಥದ್ದು ಮಾರಿದಿರಿ ನಮಗೆ?” ಇದು ಮರ್ಯಾದಸ್ಥರ ಮಾತು. ಉಳಿದವರದ್ದನ್ನು ಇಲ್ಲಿ ಅಚ್ಚು ಮಾಡುವುದಿಲ್ಲ. 21 ವರ್ಷ ಆ ಬೈಗುಳ ಕೇಳಿಯೇ ನನ್ನ ಯಂತ್ರ ಸುಧಾರಿಸಿತು. ಸಗಣಿ ಕೈಯಲ್ಲಿ ಒತ್ತಿದರೂ ಕೆಡದ ಗುಂಡಿ, ಇಲಿ ಕಡಿಯದ ವೈರು, ಕರೆಂಟ್ ಹೋದರೂ ಮರೆಯದ ಲೆಕ್ಕ, ಎಲ್ಲವೂ ಬೈಗುಳದ ಫಲ.

ಕಂಪನಿ ಮಾರಿದ ಮೇಲೆ 2014ರಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿಸಿದೆ. ಮದ್ದೂರು, ಮಂಡ್ಯದ ಹಾಗೆ ವಿಶ್ವೇಶ್ವರಯ್ಯ ನಾಲೆಯ ನೀರು ಆ ಕಡೆಗಿಲ್ಲ. ಕೊಳವೆಬಾವಿ ಆಳ, ನೀರು ಗಡಸು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು. ಉದ್ಘಾಟನೆಯ ದಿನ ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಮಾಡಿದವರಲ್ಲಿ ಒಬ್ಬರು ನನ್ನನ್ನು ಭಗೀರಥ ಎಂದರು. ನಾನೂ ನಂಬಿಕೊಂಡು ಮನೆಗೆ ಬಂದೆ.

ಹತ್ತು ತಿಂಗಳ ಮೇಲೆ ಆದಿಚುಂಚನಗಿರಿಗೆ ಹೋಗುವಾಗ ಕಾರು ತಿರುಗಿಸಿ ಅಲ್ಲಿಗೆ ಹೋದೆ. ಘಟಕದ ಬಾಗಿಲಿಗೆ ಬೀಗ. ನಾಣ್ಯ ಹಾಕುವ ಸೀಳಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಗೂಡು ಒಣಗಿ ಗಟ್ಟಿಯಾಗಿತ್ತು, ಅಂದರೆ ನಿಂತು ಬಹಳ ದಿನವಾಗಿದೆ. ಎದುರಿನ ತೊಂಬೆಯ ನಲ್ಲಿಯಲ್ಲಿ ಒಬ್ಬ ಅಜ್ಜಿ ಪ್ಲಾಸ್ಟಿಕ್ ಬಿಂದಿಗೆಗೆ ಅದೇ ಗಡಸು ನೀರು ಹಿಡಿಯುತ್ತಿದ್ದರು. ಕೇಳಿದೆ. ನಾಲ್ಕು ತಿಂಗಳಿಂದ ನೀರು ಬರುತ್ತಿಲ್ಲ ಎಂದರು. “ನನಗೆ ಒಂದು ಫೋನ್ ಮಾಡಿಸಬಾರದಿತ್ತೇ ಅಜ್ಜಿ?” ಅಂದೆ. ಅವರು ಬಿಂದಿಗೆ ಸೊಂಟಕ್ಕೆ ಏರಿಸಿಕೊಂಡು ಹೇಳಿದರು: “ಪುಕ್ಕಟೆ ಕೊಟ್ಟವರ ಹತ್ತಿರ ಕೆಟ್ಟುಹೋಯಿತು ಎಂದು ಹೇಳಲು ಬಾಯಿ ಬರುತ್ತದೆಯೇ ಕಣಪ್ಪ? ದಾನ ಕೊಟ್ಟ ಹಸುವಿನ ಹಲ್ಲು ಎಣಿಸುತ್ತಾರೆಯೇ?”

ಬೀಗ ತೆಗೆಸಿ ನೋಡಿದರೆ ಕಾರಣ ಬಹಳ ಸಣ್ಣದು. ಮಣ್ಣು, ಕಸ ತಡೆಯುವ ಮೊದಲ ಹಂತದ ಶೋಧಕವನ್ನು ಆಗಾಗ ಬದಲಾಯಿಸಬೇಕು. ಕೆಲವು ನೂರು ರೂಪಾಯಿಯ ವಸ್ತು. ಬದಲಾಯಿಸದಿದ್ದರೆ ಆ ಕೊಳೆಯೆಲ್ಲ ಒಳಗೆ ನೀರಿನ ಗಡಸು ಸೋಸುವ ದುಬಾರಿ ಪೊರೆಗೆ ಹೋಗಿ ಕಟ್ಟಿಕೊಳ್ಳುತ್ತದೆ. ಹಾಗೇ ಆಗಿತ್ತು. ಅದನ್ನೇ ನಾನು ಅವರಿಗೆ ಮಾರಿದ್ದರೆ ಕೆಟ್ಟ ದಿನವೇ ಆರೂಕಾಲಿಗೆ ಫೋನ್ ಬರುತ್ತಿತ್ತು. ಕೊಟ್ಟದ್ದರಿಂದ ನಾಲ್ಕು ತಿಂಗಳು ಇಡೀ ಊರು ಮರ್ಯಾದೆಗೆ ಬಾಯಿ ಮುಚ್ಚಿಕೊಂಡು ಗಡಸು ನೀರು ಕುಡಿಯಿತು.

ಹಾಗಾಗಿ ಕೊಡುವುದೇ ಕಷ್ಟ. ಬೈಯುವವರು ಇಲ್ಲದ ಕೆಲಸ ಅದು. ಈಗ ನಾನು ಘಟಕ ಕಟ್ಟಿಸಿದರೆ ದಾನಿಯ ಹೆಸರಿನ ಕಲ್ಲು ಇಲ್ಲ. ಆ ಜಾಗದಲ್ಲಿ ಕೆಂಪು ಬಣ್ಣದಲ್ಲಿ ದೂರವಾಣಿ ಸಂಖ್ಯೆ, ಕೆಳಗೆ ‘ನೀರು ನಿಂತರೆ ಜಗಳಕ್ಕೆ ಕರೆ ಮಾಡಿ’ ಎಂಬ ಸಾಲು. ಬರುವ ಐದು ರೂಪಾಯಿ ಊರಿನ ಸ್ತ್ರೀಶಕ್ತಿ ಸಂಘದ ಖಾತೆಗೆ. ಅವರಲ್ಲೇ ಒಬ್ಬರಿಗೆ ಸಂಬಳ, ಉಳಿದದ್ದು ಶೋಧಕಕ್ಕೆ, ಪೊರೆಗೆ. ಈ ಪದ್ಧತಿ ಬಂದ ಮೇಲೆ ಕೆ.ಆರ್. ಪೇಟೆ ಕಡೆಯಿಂದ ಒಬ್ಬ ಹೆಂಗಸು ಕರೆ ಮಾಡಿ ಹತ್ತು ನಿಮಿಷ ಬೈದರು. ಆ ದಿನ ಮನೆಯಲ್ಲಿ ಪಾಯಸ ಮಾಡಿಸಿದೆ.

ಐಟಿ ದೊರೆಗಳ ದಾನವೆಲ್ಲ ತೆರಿಗೆ ಉಳಿಸುವ ಉಪಾಯ ತಾನೇ? ಲೆಕ್ಕ ಬಲ್ಲವರಿಗೆ ಇದು ಗೊತ್ತಿರುವ ವಿಷಯ.
— ಲೆಕ್ಕ ಪರಿಶೋಧಕರ ಕಚೇರಿಯ ನೌಕರ, ಕುವೆಂಪುನಗರ, ಮೈಸೂರು

ಲೆಕ್ಕ ಬಲ್ಲವರೇ ಎರಡು ಖಾತೆಗಳನ್ನು ಬೆರೆಸಿಬಿಟ್ಟಿದ್ದೀರಿ.

ಮೊದಲನೆಯದು ಕಂಪನಿಯ ಖಾತೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು. ಅದು ಕಾನೂನು. ಕಂದಾಯ ಕಟ್ಟಿದವನಿಗೆ ಯಾರೂ ಶಾಲು ಹೊದಿಸುವುದಿಲ್ಲ, ಇದಕ್ಕೂ ಹೊದಿಸಬೇಕಾಗಿಲ್ಲ.

ಎರಡನೆಯದು ಸ್ವಂತ ಗಂಟು. ಅಜೀಂ ಪ್ರೇಮ್‌ಜಿ ಅವರನ್ನೇ ತೆಗೆದುಕೊಳ್ಳಿ. 1966ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ 21 ವರ್ಷ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದವರು ಅರ್ಧಕ್ಕೆ ಬಿಟ್ಟು ಬಂದು ಕೂತದ್ದು ಅಮಳನೇರಿನ ವನಸ್ಪತಿ ಕಂಪನಿಯ ಗಾದಿಯ ಮೇಲೆ. ಎಣ್ಣೆ, ಸಾಬೂನಿನಿಂದ ಗಣಕಯಂತ್ರಕ್ಕೆ, ಅಲ್ಲಿಂದ ತಂತ್ರಾಂಶಕ್ಕೆ ವಿಪ್ರೊ ಬೆಳೆದದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇದು: 2019ರ ಹೊತ್ತಿಗೆ ವಿಪ್ರೊದ ಸುಮಾರು ಶೇ 67ರಷ್ಟು ಷೇರುಗಳ ಆರ್ಥಿಕ ಲಾಭವನ್ನು ಅವರು ತಮ್ಮ ಪ್ರತಿಷ್ಠಾನದ ಕೆಲಸಕ್ಕೆ ಬರೆದುಕೊಟ್ಟಿದ್ದರು. ಆ ಷೇರುಗಳಿಂದ ಬರುವ ಲಾಭಾಂಶ ಮನೆಯ ಬಾಗಿಲಿಗೆ ಬರುವುದಿಲ್ಲ, ಹಳ್ಳಿ ಶಾಲೆಗಳ ಕಡೆಗೆ ಹೋಗುತ್ತದೆ.

ಈಗ ನಿಮ್ಮ ತೆರಿಗೆಗೆ ಬರೋಣ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿರುವ ನಾನು ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಪ್ರಮಾಣಪತ್ರ ಇರುವ ಸಂಸ್ಥೆಗೆ 100 ರೂಪಾಯಿ ಕೊಟ್ಟೆ ಎನ್ನಿ. ಸಾಮಾನ್ಯವಾಗಿ ಅದರಲ್ಲಿ 50 ರೂಪಾಯಿಯನ್ನು ತೆರಿಗೆ ಹಾಕುವ ನನ್ನ ಆದಾಯದಿಂದ ಕಳೆಯುತ್ತಾರೆ. ಅದರಿಂದ ನನಗೆ ಉಳಿತಾಯವಾಗುವ ತೆರಿಗೆ 15 ರೂಪಾಯಿ. 15 ಉಳಿಸಲು 100 ಕಳೆದುಕೊಳ್ಳುವವನನ್ನು ನಿಮ್ಮ ಕಚೇರಿಯಲ್ಲಿ ಜಾಣ ಎನ್ನುತ್ತಾರೆಯೇ? ಚೆಕ್ ಕೊಟ್ಟು, ರಸೀದಿ ಪಡೆದು, ಕಮಿಷನ್ ಬಿಟ್ಟು ನಗದು ವಾಪಸು ತರುವ ಮಹಾನುಭಾವರು ಇದ್ದಾರೆ. ನೀವು ನೋಡಿರುವುದು ಬಹುಶಃ ಅವರನ್ನು. ಅದಕ್ಕೆ ದಾನ ಎನ್ನುವುದಿಲ್ಲ, ಕಳವು ಎನ್ನುತ್ತಾರೆ.

ಹಾಗೆಂದು ದೊಡ್ಡವರ ಪ್ರತಿಜ್ಞೆಗಳನ್ನೆಲ್ಲ ಕಣ್ಣಿಗೆ ಒತ್ತಿಕೊಳ್ಳಬೇಕಾಗಿಯೂ ಇಲ್ಲ. ಬಿಲ್ ಗೇಟ್ಸ್, ವಾರನ್ ಬಫೆಟ್ ಮತ್ತಿತರರು 2010ರಲ್ಲಿ ಶುರು ಮಾಡಿದ ‘ಗಿವಿಂಗ್ ಪ್ಲೆಡ್ಜ್’ಗೆ ಪ್ರೇಮ್‌ಜಿ 2013ರಲ್ಲಿ ಸಹಿ ಹಾಕಿದರು, ನಂದನ್ ಮತ್ತು ರೋಹಿಣಿ ನಿಲೇಕಣಿ 2017ರಲ್ಲಿ. ಅರ್ಧಕ್ಕಿಂತ ಹೆಚ್ಚು ಸಂಪತ್ತು ಕೊಡುತ್ತೇವೆ ಎಂಬ ಮಾತು ಅದು. ಬರೀ ಮಾತು, ಕಾನೂನಿನ ಕಟ್ಟು ಏನೂ ಇಲ್ಲ. ನನಗೆ ಸಹಿಗಿಂತ ದಿನಾಂಕ ಹೆಚ್ಚು ಇಷ್ಟ. ಗೇಟ್ಸ್ 2025ರಲ್ಲಿ ತಮ್ಮ ಪ್ರತಿಷ್ಠಾನದ ಹಣವನ್ನೆಲ್ಲ ಖರ್ಚು ಮಾಡಿ 2045ಕ್ಕೆ ಬಾಗಿಲು ಹಾಕುವುದಾಗಿ ಹೇಳಿದರು. 1975ರಲ್ಲಿ ಕಟ್ಟಿದ ಕಂಪನಿಯ ದುಡ್ಡು, ಎಪ್ಪತ್ತು ವರ್ಷಕ್ಕೆ ಖಾಲಿ. ಬಾಗಿಲು ಹಾಕುವ ದಿನ ಹೇಳಿದವನನ್ನು ಲೆಕ್ಕ ಕೇಳುವುದು ಸುಲಭ.

ನಮ್ಮ ಶಾಲೆಯಲ್ಲಿ ವಾರಕ್ಕೆ ಎರಡು ದಿನ ಸರ್ಕಾರದ ಮೊಟ್ಟೆ, ನಾಲ್ಕು ದಿನ ಪ್ರೇಮ್‌ಜಿ ಪ್ರತಿಷ್ಠಾನದ ಮೊಟ್ಟೆ. ಮಕ್ಕಳಿಗೆ ಸಂತೋಷ, ನನಗೂ. ಆದರೆ ಸರ್ಕಾರಿ ಶಾಲೆಯ ಮಗುವಿನ ತಟ್ಟೆ ಶ್ರೀಮಂತರ ಕೈ ಕಾಯಬೇಕೇ? ನಾಳೆ ಅವರು ನಿಲ್ಲಿಸಿದರೆ?
— ಶಿಕ್ಷಕಿ, ಪಾಂಡವಪುರ ತಾಲ್ಲೂಕು

ಕಾಯಬಾರದು ತಾಯಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. 2024ರಲ್ಲಿ ಆದ ಒಪ್ಪಂದ ಮೂರು ವರ್ಷದ್ದು, ಸುಮಾರು 1,500 ಕೋಟಿ ರೂಪಾಯಿಯದು. ಅಂದರೆ ವರ್ಷಕ್ಕೆ 500 ಕೋಟಿಯ ಆಸುಪಾಸು. ದೇಶದ ಅತಿ ದೊಡ್ಡ ಥೈಲಿಗಳಲ್ಲಿ ಒಂದು ಬಿಚ್ಚಿಕೊಂಡರೂ ಆದದ್ದು ಒಂದೇ ರಾಜ್ಯದ ಮಧ್ಯಾಹ್ನದ ಊಟದಲ್ಲಿ ಒಂದು ಮೊಟ್ಟೆ, ಅದೂ ಮೂರು ವರ್ಷ. ಊರಿಗೆ ಅನ್ನ ಹಾಕುವ ಶಕ್ತಿ ಇರುವುದು ಸರ್ಕಾರಕ್ಕೆ ಮಾತ್ರ. ದಾನಿ ಮಾಡಬಹುದಾದದ್ದು, ಆರು ದಿನ ಮೊಟ್ಟೆ ಕೊಟ್ಟರೆ ಶಾಲೆಯಲ್ಲಿ ಏನಾಗುತ್ತದೆ ಎಂದು ಮಾಡಿ ತೋರಿಸುವುದು. ಆಮೇಲೆ ನಿಮ್ಮಂಥವರು ಹಾಜರಿ ಪುಸ್ತಕ ಹಿಡಿದು ಸರ್ಕಾರವನ್ನು ಕೇಳಬೇಕು. ಈಗಿನಿಂದಲೇ ಬರೆದಿಡಿ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ. ಹೋದ ವರ್ಷ ಶ್ರೀರಂಗಪಟ್ಟಣದ ಬಳಿ ಒಂದು ಶಾಲೆಯ ಅಡುಗೆಮನೆಯಲ್ಲಿ ಅರ್ಧ ಗಂಟೆ ಕೂತಿದ್ದೆ. ಇಬ್ಬರು ಅಡುಗೆಯವರು, 140 ಮೊಟ್ಟೆ. ಬೇಯಿಸಿ ತಣ್ಣೀರಿಗೆ ಹಾಕಿ ಒಂದೊಂದಾಗಿ ಸುಲಿಯಬೇಕು. ಹೊಸ ಮೊಟ್ಟೆಯ ಸಿಪ್ಪೆ ಬಿಡುವುದಿಲ್ಲ, ಬಿಳಿಯ ಭಾಗವನ್ನೂ ಕಿತ್ತುಕೊಂಡು ಬರುತ್ತದೆ. ಹರಿದ ಮೊಟ್ಟೆ ಮಕ್ಕಳು ಮುಟ್ಟುವುದಿಲ್ಲ. ಒಬ್ಬಾಕೆ ಉಗುರಿನ ಬದಲು ಹೆಬ್ಬೆರಳಿನ ಮಾಂಸದಿಂದ ಒತ್ತಿ ಸಿಪ್ಪೆ ಜಾರಿಸುತ್ತಿದ್ದರು, ಅನ್ನ ಇಳಿಸುವ ಗಡಿಬಿಡಿಯಲ್ಲೂ ಒಂದೂ ಹರಿಯಲಿಲ್ಲ. ಬಿಸಿಯೂಟದ ಈ ತಾಯಂದಿರಿಗೆ ಸಿಗುವುದಕ್ಕೆ ಸಂಬಳ ಎಂದು ಕೂಡ ಹೆಸರಿಲ್ಲ, ಗೌರವಧನ. ಮೊಟ್ಟೆಗೆ ದಾನಿ ಸಿಕ್ಕರು. ಆ ಹೆಬ್ಬೆರಳಿಗೆ ಸಿಕ್ಕಿಲ್ಲ.

ನಿಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದರೇ?
— ಗೃಹಿಣಿ, ಸರಸ್ವತಿಪುರಂ, ಮೈಸೂರು

ಮಗಳು ಕೂಡಲೇ ಒಪ್ಪಿದಳು. ಮಗ ಮೂರು ದಿನ ಮಾತು ಬಿಟ್ಟು ಆಮೇಲೆ ಒಪ್ಪಿದ. ನನ್ನ ಹೆಂಡತಿ ಮಾತ್ರ, “ನಮ್ಮ ಫ್ರಿಜ್ಜಿಗೆ 14 ವರ್ಷ. ಮೊದಲು ಅದನ್ನು ಬದಲಾಯಿಸಿ, ಆಮೇಲೆ ಊರಿಗೆ ತಣ್ಣೀರು ಕೊಡಿ” ಎಂದಳು. ಬದಲಾಯಿಸಿದೆ. ಮನೆ, ಕಾಯಿಲೆಗೆ ಒಂದಿಷ್ಟು ಇಡುಗಂಟು, ಮಕ್ಕಳಿಗೆ ಓದು, ಇವನ್ನು ಇಟ್ಟುಕೊಂಡೇ ಕೊಟ್ಟಿದ್ದೇನೆ. ನನ್ನನ್ನು ಕರ್ಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. 25 ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ತಾಯಿಯ ಹೆಸರಿನಲ್ಲಿ ಟ್ರಸ್ಟ್ ಮಾಡಬೇಕೆಂಬ ಆಸೆ. ಹೇಗೆ ಶುರು ಮಾಡಲಿ?
— ನಿವೃತ್ತರು, ವಿಜಯನಗರ, ಮೈಸೂರು

ಶುರು ಮಾಡಬೇಡಿ. ಬೇಸರವಾಗಬೇಡಿ, ಲೆಕ್ಕ ಹೇಳುತ್ತೇನೆ, ಬ್ಯಾಂಕಿನವರಿಗೆ ಬೇಗ ಅರ್ಥವಾಗುತ್ತದೆ.

ಟ್ರಸ್ಟ್ ಎಂದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆಯವರಲ್ಲಿ 12ಎ, 80ಜಿ ಎಂದು ನಾವೆಲ್ಲ ಕರೆಯುವ ತೆರಿಗೆ ವಿನಾಯಿತಿಯ ನೋಂದಣಿಗಳು, ಅವುಗಳ ನವೀಕರಣ, ಪ್ರತಿ ವರ್ಷ ಲೆಕ್ಕಪತ್ರ. ಇದೆಲ್ಲ ಆಗುವ ಹೊತ್ತಿಗೆ ಟ್ರಸ್ಟಿಗಳಲ್ಲಿ ಅಧ್ಯಕ್ಷರು ಯಾರು ಎಂಬ ಮೊದಲ ಜಗಳ ಮುಗಿದು ಎರಡನೆಯದು ಶುರುವಾಗಿರುತ್ತದೆ. ನನ್ನ ಟ್ರಸ್ಟಿನಲ್ಲಿ ಇರುವುದು ನಾಲ್ಕೇ ಜನ, ಅದರಲ್ಲೂ ಇಬ್ಬರು ಈಗ ಒಂದೇ ಮೇಜಿಗೆ ಕೂರುವುದಿಲ್ಲ.

25 ಲಕ್ಷಕ್ಕೆ ಶೇ 7ರ ಬಡ್ಡಿ ಎಂದರೆ ವರ್ಷಕ್ಕೆ 1.75 ಲಕ್ಷ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರುವ ಹುಡುಗಿಯರಿಗೆ ಪ್ರೇಮ್‌ಜಿ ಪ್ರತಿಷ್ಠಾನ ಕೊಡುವ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಆ ಅಳತೆಯಲ್ಲಿ ನಿಮ್ಮ ಬಡ್ಡಿಯಲ್ಲೇ ಐದು ಹುಡುಗಿಯರು ಓದುತ್ತಾರೆ, ಅಸಲು ಹಾಗೇ ಉಳಿಯುತ್ತದೆ. ನಿಮ್ಮ ತಾಯಿಯ ಊರಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಹೋಗಿ ನೋಡಿ. ಯಾವ ಹುಡುಗಿಯ ಓದು ಬಸ್ ಪಾಸಿಗೆ, ಹಾಸ್ಟೆಲ್ ಶುಲ್ಕಕ್ಕೆ ನಿಂತುಹೋಗುತ್ತಿದೆ ಎಂಬುದು ಅವರ ಬಾಯಿಯಲ್ಲೇ ಇರುತ್ತದೆ. ಹಣವನ್ನು ಅವರ ಕೈಗೆ ಕೊಡಬೇಡಿ, ಕಾಲೇಜಿಗೆ ನೀವೇ ಹೋಗಿ ಕಟ್ಟಿ.

ತಾಯಿಯ ಹೆಸರು ಉಳಿಯಬೇಕು ಎನ್ನುತ್ತೀರಿ. ನಮ್ಮೂರ ಕಡೆ ಒಂದು ದೇವಸ್ಥಾನದಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಯ ವಂಶಾವಳಿಯನ್ನೇ ಬರೆಸಿದ್ದಾರೆ. ದೀಪ ಹಾಕಿದರೆ ಹೆಸರು ಓದಲಾಗುವುದಿಲ್ಲ, ಹೆಸರು ಓದಬೇಕಾದರೆ ದೀಪ ಆರಿಸಬೇಕು. ಮೈಸೂರಿನಲ್ಲಿ ಬನುಮಯ್ಯನವರ ಹೆಸರು ಹೇಗೆ ಉಳಿಯಿತು ನೋಡಿ. ವ್ಯಾಪಾರದಲ್ಲಿ ಗಳಿಸಿ ವಿದ್ಯೆಗೆ ಹಾಕಿದವರು. ಇವತ್ತಿಗೂ ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ “ನಾನು ಬನುಮಯ್ಯದಲ್ಲಿ ಓದಿದವನು” ಎನ್ನುವವರಿದ್ದಾರೆ.

ನಿಮ್ಮ ಕಂಪನಿಯಲ್ಲಿ 14 ವರ್ಷ ದುಡಿದವನು ನಾನು. ಹೆಸರು ಬರೆಯುವುದಿಲ್ಲ. ಊರೂರಿಗೆ ನೀರು ಕೊಡುತ್ತಿದ್ದೀರಿ, ಒಳ್ಳೆಯದು. ಕಂಪನಿ ಮಾರಿದಾಗ ನಮಗೆ ಸಿಕ್ಕಿದ್ದು ಗ್ರಾಚ್ಯುಟಿ ಮತ್ತು ಒಂದು ಬೆಳ್ಳಿ ಲೋಟ. ಇದನ್ನು ಪತ್ರಿಕೆಯಲ್ಲಿ ಹಾಕುವಿರಾ?
— ಹೆಸರಿಲ್ಲ

ಸಂಪಾದಕರು ಈ ಪತ್ರವನ್ನು ನನಗೆ ಕಳಿಸುವಾಗ “ಬೇಕಾದರೆ ಬಿಡಬಹುದು” ಎಂದು ಅಂಚಿನಲ್ಲಿ ಬರೆದಿದ್ದರು. ಹಾಕಿ ಎಂದು ಹೇಳಿದವನು ನಾನು.

ನಿಮ್ಮ ಲೆಕ್ಕ ಸರಿಯಾಗಿದೆ. ಗ್ರಾಚ್ಯುಟಿ ಎಂದರೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಎಂದು ಹಿಡಿದು. ಆಗ ತಿಂಗಳಿಗೆ 18,000 ರೂಪಾಯಿ ಪಡೆಯುತ್ತಿದ್ದ ತಂತ್ರಜ್ಞನಿಗೆ 14 ವರ್ಷಕ್ಕೆ ಬಂದದ್ದು ಸುಮಾರು 1.45 ಲಕ್ಷ. ಕಾನೂನು ಕೇಳಿದ್ದು ಅಷ್ಟು. ನಾನು ಕೊಟ್ಟದ್ದೂ ಅಷ್ಟೇ, ಮೇಲೆ ಲೋಟ.

1994ರಲ್ಲಿ ಇನ್ಫೊಸಿಸ್ ತನ್ನ ನೌಕರರಿಗೆ ಷೇರು ಹಂಚುವ ಯೋಜನೆ ತಂದದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ನಾರಾಯಣ ಮೂರ್ತಿ ಅವರು ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು ಎಂಬ ಹೆಮ್ಮೆಯಿಂದ ಆ ಸುದ್ದಿಯನ್ನು ಕತ್ತರಿಸಿ ಕೂಡ ಇಟ್ಟಿದ್ದೆ. ಆದರೆ ಅದು ದೊಡ್ಡ ಕಂಪನಿಗಳ ವಿಷಯ, 40 ಜನರ ಶೆಡ್ಡಿಗೆ ಯಾಕೆ ಎಂದುಕೊಂಡೆ. ನೀವು ಬೆಳಿಗ್ಗೆ ನಾಲ್ಕೂವರೆಗೆ ಮೈಸೂರು ಬಿಟ್ಟು, ಮಂಜಿನಲ್ಲಿ ಟಿವಿಎಸ್ ಓಡಿಸಿಕೊಂಡು ಹೋಗಿ, ಹಾಲು ಅಳೆಯುವ ಹೊತ್ತಿಗೆ ಯಂತ್ರ ಸರಿ ಮಾಡಿಕೊಡುತ್ತಿದ್ದಿರಿ. ಕೊಂಡವರು ಬೆಲೆ ಕಟ್ಟಿದ್ದು ನನ್ನ ಡಬ್ಬಕ್ಕೆ ಮಾತ್ರ ಅಲ್ಲ, ‘ಫೋನ್ ಮಾಡಿದರೆ ಬರುತ್ತಾರೆ’ ಎಂಬ ಹೆಸರಿಗೂ. ಆ ಹೆಸರು ನಿಮ್ಮದು. ಮಾರಾಟದ ಪತ್ರಕ್ಕೆ ಸಹಿ ಹಾಕುವಾಗ ಇದು ನನಗೆ ಹೊಳೆಯಲಿಲ್ಲ. ಹೊಳೆದದ್ದು ನಾಗಮಂಗಲದ ಆ ಬೀಗದ ಮುಂದೆ ನಿಂತಾಗ, ಸರಿ ಮಾಡಲು ಯಾರನ್ನು ಕರೆಯಲಿ ಎಂದು ಯೋಚಿಸುತ್ತಾ.

2016ರಲ್ಲಿ ಹಳ್ಳಿ ತಿರುಗುತ್ತಿದ್ದ ಹನ್ನೊಂದು ತಂತ್ರಜ್ಞರ ಮನೆಗಳಿಗೂ ಹೋದೆ. ಒಂಬತ್ತು ಮಂದಿ ನಾನು ಒಯ್ದದ್ದನ್ನು ತೆಗೆದುಕೊಂಡರು. ಇಬ್ಬರು ಬೇಡ ಎಂದರು. ಅವರಲ್ಲಿ ಒಬ್ಬರು ಕಾಫಿ ಕೊಟ್ಟು, ಲಕೋಟೆಯನ್ನು ನನ್ನ ಕಡೆಗೇ ಸರಿಸಿ, “ಆಗ ಕೊಟ್ಟಿದ್ದರೆ ಇದು ಪಾಲು ಆಗುತ್ತಿತ್ತು ಸಾರ್, ಈಗ ದಾನ” ಎಂದರು. ವಾದಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಎದ್ದು ಬಂದೆ.

ಪತ್ರದಲ್ಲಿ ‘ಳ’ದ ಬಾಲವನ್ನು ಕೆಳಗಿನ ಸಾಲಿಗೆ ತಾಗುವಷ್ಟು ಉದ್ದ ಎಳೆದಿದ್ದೀರಿ. ರಿಪೇರಿ ವರದಿಗಳಲ್ಲಿ ಆ ಬಾಲವನ್ನು ನಾನು 14 ವರ್ಷ ಓದಿದ್ದೇನೆ. ಲಕೋಟೆ ಇನ್ನೂ ನನ್ನ ಬೀರುವಿನಲ್ಲಿದೆ, ಮೇಲೆ ‘ಪಾಲು’ ಎಂದು ಬರೆದಿಟ್ಟಿದ್ದೇನೆ, ತಡವಾಗಿ. ನನ್ನ ಫೋನ್ ನಂಬರ್ ಬದಲಾಗಿಲ್ಲ. ಬೈಯುವುದಿದ್ದರೆ ಬೆಳಿಗ್ಗೆ ಆರೂಕಾಲಿಗೆ ಮಾಡಿ, ಎದ್ದಿರುತ್ತೇನೆ.